ನೆಲ ಒಡೆಯನದು, ಜಿಂಕೆ ರಾಜ್ಯದ್ದು: ಅಮೆರಿಕದ ಖಾಸಗಿ ಜಮೀನಿನಲ್ಲಿ ಜಿಂಕೆ ನಿರ್ವಹಣೆ

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಶೇ. 95ಕ್ಕೂ ಹೆಚ್ಚು ನೆಲ ಖಾಸಗಿಯವರ ಒಡೆತನದಲ್ಲಿದೆ. ಆದರೆ ಆ ನೆಲದ ಮೇಲೆ ಓಡಾಡುವ ಬಿಳಿಬಾಲದ ಜಿಂಕೆಗಳು ಯಾವ ಜಮೀನುದಾರನ ಸ್ವತ್ತೂ ಅಲ್ಲ. ಅವು ರಾಜ್ಯದ ಜನರೆಲ್ಲರಿಗೂ ಸೇರಿದವು, ಜನರ ಪರವಾಗಿ ಅವುಗಳನ್ನು ಕಾಯುವ ಹೊಣೆ ಸರ್ಕಾರದ್ದು ಎಂಬ ತತ್ವದ ಮೇಲೆ ಆ ದೇಶದ ವನ್ಯಜೀವಿ ಕಾನೂನು ನಿಂತಿದೆ. ಸಾವಿರ ಎಕರೆ ಇರುವವನೂ ಬೇಟೆಯ ಕಾಲ ಬರುವವರೆಗೆ ಕಾಯಬೇಕು, ಪರವಾನಗಿ ಪಡೆಯಬೇಕು, ಎಷ್ಟು ಗಂಡು ಎಷ್ಟು ಹೆಣ್ಣು ಎಂಬ ಮಿತಿಗೆ ಒಳಪಡಬೇಕು. ಹಾಗಿದ್ದರೂ ಅಲ್ಲಿನ ಜಮೀನುದಾರರು ಜಿಂಕೆಗಳಿಗಾಗಿಯೇ ಮರ ಕಡಿಯುತ್ತಾರೆ, ಬಿತ್ತನೆ ಮಾಡುತ್ತಾರೆ, ಬೆಂಕಿ ಹಾಕುತ್ತಾರೆ, ಜಮೀನಿನ ಒಂದು ಭಾಗಕ್ಕೆ ತಾವೇ ಕಾಲಿಡದೆ ಬಿಡುತ್ತಾರೆ. ಕಾಡುಪ್ರಾಣಿಯನ್ನು ಕಟ್ಟಿಹಾಕುವಂತಿಲ್ಲವಾದ್ದರಿಂದ ಅದು ತಾನಾಗಿ ಬಂದು ನಿಲ್ಲುವಂತೆ ನೆಲವನ್ನು ಸಜ್ಜುಗೊಳಿಸುವುದೊಂದೇ ಅವರ ಕೈಯಲ್ಲಿರುವ ದಾರಿ. ಈ ಕೆಲಸದ ಹಿಂದೆ ಸಸ್ಯಶಾಸ್ತ್ರ, ಪ್ರಾಣಿಗಳ ಸಂಖ್ಯಾಲೆಕ್ಕ, ಕಾನೂನು ಮತ್ತು ತಾಳ್ಮೆ ಹೇಗೆ ಹೆಣೆದುಕೊಂಡಿವೆ ಎಂಬುದನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಇಂದು ಅಮೆರಿಕದಲ್ಲಿ ಸುಮಾರು ಮೂರು ಕೋಟಿ ಬಿಳಿಬಾಲದ ಜಿಂಕೆಗಳಿವೆ ಎಂಬ ಅಂದಾಜಿದೆ. 1900ರ ಹೊತ್ತಿಗೆ ಅವುಗಳ ಸಂಖ್ಯೆ ಐದು ಲಕ್ಷಕ್ಕಿಂತ ಕೆಳಗೆ ಕುಸಿದಿತ್ತು ಎಂದು ತಜ್ಞರು ಲೆಕ್ಕ ಹಾಕುತ್ತಾರೆ. ಮಾಂಸ ಮತ್ತು ಚರ್ಮದ ಮಾರುಕಟ್ಟೆಗಾಗಿ ಕಾಲದ ಕಟ್ಟುಪಾಡಿಲ್ಲದೆ ನಡೆದ ಬೇಟೆ ಇದಕ್ಕೆ ಮುಖ್ಯ ಕಾರಣವಾಗಿತ್ತು. ಅಕ್ರಮವಾಗಿ ಕೊಂದ ಪ್ರಾಣಿಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಿ ಮಾರುವುದನ್ನು 1900ರ ಲೇಸಿ ಕಾಯ್ದೆ ತಡೆಯಿತು. ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ತೆರಿಗೆಯ ಹಣವನ್ನು 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆ ವನ್ಯಜೀವಿ ಕೆಲಸಕ್ಕೆಂದೇ ರಾಜ್ಯಗಳಿಗೆ ಮೀಸಲಿಟ್ಟಿತು. ಉಳಿದಿದ್ದ ಹಿಂಡುಗಳಿಂದ ಜಿಂಕೆಗಳನ್ನು ಹಿಡಿದು ಬರಿದಾದ ಕಾಡುಗಳಿಗೆ ಬಿಡಲಾಯಿತು. ಯಾವ ಸಾಧನಗಳು ವನ್ಯಪ್ರಾಣಿಗಳನ್ನು ನಾಶ ಮಾಡಿದವೋ ಅವೇ ಕೊಡಲಿ, ನೇಗಿಲು, ದನ, ಬೆಂಕಿ ಮತ್ತು ಬಂದೂಕುಗಳನ್ನು ವಿವೇಕದಿಂದ ಬಳಸಿ ಆ ಪ್ರಾಣಿಗಳನ್ನು ಮರಳಿ ತರಬಹುದು ಎಂದು ಅಮೆರಿಕದ ವನ್ಯಜೀವಿ ತಜ್ಞ ಆಲ್ಡೋ ಲಿಯೋಪೋಲ್ಡ್ 1933ರಲ್ಲಿ ವಾದಿಸಿದರು. ಖಾಸಗಿ ಜಮೀನಿನಲ್ಲಿ ಇಂದು ನಡೆಯುವ ಜಿಂಕೆ ನಿರ್ವಹಣೆಯ ಬಹುಪಾಲು ಆ ಮಾತಿನ ವಿಸ್ತರಣೆಯೇ ಆಗಿದೆ.

ಎಲ್ಲಕ್ಕೂ ಮೊದಲು ಜಿಂಕೆ ಏನು ತಿನ್ನುತ್ತದೆ ಎಂಬುದನ್ನು ತಿಳಿಯಬೇಕು, ಏಕೆಂದರೆ ಹಲವು ಜಮೀನುದಾರರು ಎಡವುವುದು ಇಲ್ಲಿಯೇ. ಬಿಳಿಬಾಲದ ಜಿಂಕೆ ದನದಂತೆ ಮೆಲುಕು ಹಾಕುವ ಪ್ರಾಣಿಯಾದರೂ ದನದಂತೆ ಹುಲ್ಲು ಮೇದು ಬದುಕುವ ಪ್ರಾಣಿಯಲ್ಲ. ಅದರ ಮೂತಿ ಕಿರಿದು, ಹೊಟ್ಟೆಯ ಮೊದಲ ಚೀಲ ಚಿಕ್ಕದು. ಆದ್ದರಿಂದ ನಾರು ಹೆಚ್ಚಿರುವ ಒಣಹುಲ್ಲನ್ನು ರಾಶಿಗಟ್ಟಲೆ ತುಂಬಿಕೊಳ್ಳದೆ, ಬೇಗ ಜೀರ್ಣವಾಗುವ ಚಿಗುರು, ಎಳೆ ರೆಂಬೆ, ಅಗಲ ಎಲೆಯ ಕಳೆಗಿಡ, ಹಣ್ಣು ಮತ್ತು ಕಾಯಿಗಳನ್ನು ಆರಿಸಿ ಆರಿಸಿ ತಿನ್ನುತ್ತದೆ. ಮರಿಗೆ ಹಾಲೂಡುವ ಹೆಣ್ಣಿಗೂ ಕೊಂಬು ಬೆಳೆಸುತ್ತಿರುವ ಗಂಡಿಗೂ ಶೇ. 16ರ ಆಸುಪಾಸಿನ ಪ್ರೋಟೀನ್ ಇರುವ ಮೇವು ಬೇಕಾಗುತ್ತದೆ. ಇಂಥ ಮೇವು ದೊಡ್ಡ ಮರಗಳು ಒತ್ತಾಗಿ ಬೆಳೆದು ನೆಲವೆಲ್ಲ ನೆರಳಾಗಿರುವ ಕಾಡಿನಲ್ಲಿ ಸಿಗುವುದಿಲ್ಲ. ನೋಡುವವರ ಕಣ್ಣಿಗೆ ಹಸಿರು ತುಂಬಿ ತುಳುಕುವ ಕಾಡು ಜಿಂಕೆಯ ಬಾಯಿಗೆ ಬರಿದಾಗಿರಬಹುದು, ಏಕೆಂದರೆ ಅದರ ಬಾಯಿ ನಿಲುಕುವುದು ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದವರೆಗೆ ಮಾತ್ರ.

ಆ ಒಂದೂವರೆ ಮೀಟರ್‌ನೊಳಗೆ ಏನು ನಡೆಯುತ್ತಿದೆ ಎಂಬುದನ್ನು ಓದಲು ವಿಶೇಷ ಉಪಕರಣವೇನೂ ಬೇಕಿಲ್ಲ. ಜಿಂಕೆಗೆ ಮೇಲ್ದವಡೆಯಲ್ಲಿ ಮುಂಬಾಚಿ ಹಲ್ಲುಗಳಿಲ್ಲ. ಕೆಳಗಿನ ಹಲ್ಲು ಮತ್ತು ಮೇಲಿನ ಗಟ್ಟಿ ವಸಡಿನ ನಡುವೆ ರೆಂಬೆಯನ್ನು ಹಿಡಿದು ಎಳೆಯುವುದರಿಂದ, ಅದು ಮೇದುಹೋದ ರೆಂಬೆಯ ತುದಿ ಹರಿದಂತೆ ಸಿಬಿರೆದ್ದಿರುತ್ತದೆ; ಮೊಲ ಕಡಿದ ತುದಿ ಚಾಕುವಿನಿಂದ ಓರೆಯಾಗಿ ಕೊಯ್ದಂತೆ ನುಣುಪಾಗಿರುತ್ತದೆ. ಜಿಂಕೆಗೆ ಅತಿ ಪ್ರಿಯವಾದ ಗಿಡಗಳ ತುದಿ ಮಾತ್ರ ಅಲ್ಲಲ್ಲಿ ಹರಿದಿದ್ದರೆ ಮೇವು ಸಾಕಷ್ಟಿದೆ ಎಂದು ತಿಳಿಯಬಹುದು. ಅದಕ್ಕೆ ಅಷ್ಟಾಗಿ ರುಚಿಸದ ಗಿಡಗಳನ್ನೂ ಮೇಯ್ದಿದ್ದರೆ, ಕಾಡಿನ ಅಂಚಿನ ಉದ್ದಕ್ಕೂ ಒಂದೇ ಎತ್ತರದಲ್ಲಿ ಗೆರೆ ಎಳೆದಂತೆ ಎಲೆಗಳು ಮಾಯವಾಗಿದ್ದರೆ, ಆ ನೆಲ ಹೊರಬಲ್ಲ ಸಂಖ್ಯೆಯನ್ನು ಜಿಂಕೆಗಳು ಎಂದೋ ಮೀರಿವೆ ಎಂದರ್ಥ.

ನೆಲಕ್ಕೆ ಬಿಸಿಲು ಮುಟ್ಟಿಸುವುದು ಈ ಕೊರತೆಗೆ ಮೊದಲ ಪರಿಹಾರ. ಒತ್ತಾಗಿ ಬೆಳೆದ, ಮರಮುಟ್ಟಿನ ದೃಷ್ಟಿಯಿಂದಲೂ ಅಷ್ಟು ಬೆಲೆಯಿಲ್ಲದ ಮರಗಳನ್ನು ಆರಿಸಿ ತೆಗೆದರೆ, ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಬೀಜಗಳು ಮುಂದಿನ ಬೇಸಿಗೆಯಲ್ಲೇ ಮೊಳೆಯುತ್ತವೆ, ಕಡಿದ ಬುಡಗಳಿಂದ ರಸಭರಿತ ಚಿಗುರು ಎದ್ದು ಬರುತ್ತದೆ. ಕೆಲವೆಡೆ ಸಣ್ಣ ಮರಗಳನ್ನು ಪೂರ್ತಿ ಕತ್ತರಿಸದೆ, ಸೊಂಟದೆತ್ತರದಲ್ಲಿ ಮುಕ್ಕಾಲು ಭಾಗ ಕೊಯ್ದು ಬಾಗಿಸಿ ಕೆಡವುವ ಪದ್ಧತಿಯಿದೆ. ಕೊಯ್ಯದೆ ಉಳಿದ ಭಾಗದ ಮೂಲಕ ನೀರು ಹರಿಯುತ್ತಿರುವುದರಿಂದ ಬಿದ್ದ ಮರ ಇನ್ನೂ ಕೆಲವು ವರ್ಷ ಎಲೆ ಬಿಡುತ್ತದೆ, ಮೇವೂ ಆಗುತ್ತದೆ, ಅಡಗುದಾಣವೂ ಆಗುತ್ತದೆ. ಓಕ್ ಮರಗಳನ್ನು ಮಾತ್ರ ಬಹಳ ಯೋಚಿಸಿ ಮುಟ್ಟಬೇಕು. ಬಿಳಿ ಓಕ್ ಗುಂಪಿನ ಕಾಯಿಗಳು ಒಂದೇ ವರ್ಷದಲ್ಲಿ ಬಲಿತು ಉದುರುತ್ತವೆ, ಅವುಗಳಲ್ಲಿ ಒಗರು ಕಡಿಮೆ, ಜಿಂಕೆಗಳು ಅವನ್ನೇ ಮೊದಲು ಹುಡುಕಿ ಬರುತ್ತವೆ. ಕೆಂಪು ಓಕ್ ಗುಂಪಿನವು ಬಲಿಯಲು ಎರಡು ವರ್ಷ ತೆಗೆದುಕೊಳ್ಳುತ್ತವೆ, ಒಗರು ಹೆಚ್ಚಾದ್ದರಿಂದ ಚಳಿಗಾಲದವರೆಗೂ ನೆಲದ ಮೇಲೆ ಉಳಿಯುತ್ತವೆ. ಎರಡೂ ಬಗೆಯ ಮರಗಳಿದ್ದರೆ ಒಂದರ ಫಸಲು ಕೈಕೊಟ್ಟ ವರ್ಷ ಇನ್ನೊಂದು ಕಾಯುತ್ತದೆ. ಒಳ್ಳೆಯ ಓಕ್ ಮರದ ಸುತ್ತ ಅದರ ನೆತ್ತಿಯನ್ನು ಒತ್ತುತ್ತಿರುವ ಬೇರೆ ಮರಗಳನ್ನು ತೆಗೆದರೆ ಕಾಯಿ ಕಟ್ಟುವ ಶಕ್ತಿ ಹೆಚ್ಚುತ್ತದೆ.

ದಕ್ಷಿಣದ ರಾಜ್ಯಗಳ ಪೈನ್ ಕಾಡುಗಳಲ್ಲಿ ಇದೇ ಕೆಲಸವನ್ನು ಬೆಂಕಿ ಮಾಡುತ್ತದೆ. ಗಾಳಿ, ತೇವ ಮತ್ತು ಉಷ್ಣಾಂಶಗಳನ್ನು ಲೆಕ್ಕ ಹಾಕಿ, ಸುತ್ತ ಬೆಂಕಿಗೆರೆ ತೋಡಿ, ತರಬೇತಾದವರು ಎರಡು ಮೂರು ವರ್ಷಕ್ಕೊಮ್ಮೆ ನೆಲಮಟ್ಟದ ಬೆಂಕಿ ಹಾಕುತ್ತಾರೆ. ಇಡೀ ಜಮೀನನ್ನು ಒಂದೇ ಸಲ ಸುಡದೆ ತುಂಡು ತುಂಡಾಗಿ ಸರದಿಯಲ್ಲಿ ಸುಡುವುದರಿಂದ, ಒಂದು ಕಡೆ ಹೊಸ ಚಿಗುರು, ಇನ್ನೊಂದು ಕಡೆ ಮರಿ ಅಡಗಿಸಲು ಬೇಕಾದ ಪೊದೆ, ಹೀಗೆ ಎರಡೂ ಏಕಕಾಲಕ್ಕೆ ದೊರೆಯುತ್ತವೆ.

ಜಿಂಕೆ ನಿರ್ವಹಣೆ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಫುಡ್ ಪ್ಲಾಟ್, ಅಂದರೆ ಜಿಂಕೆಗಳಿಗೆಂದೇ ಬಿತ್ತುವ ಚಿಕ್ಕ ಹೊಲ. ಕಾಡಿನ ನಡುವೆ ಕಾಲೆಕರೆಯಿಂದ ಕೆಲವು ಎಕರೆಯವರೆಗಿನ ಬಯಲಿನಲ್ಲಿ ಚಳಿಗಾಲಕ್ಕೆ ಓಟ್ಸ್, ಗೋಧಿ, ರೈ, ಟರ್ನಿಪ್ ಜಾತಿಯ ಬೆಳೆಗಳನ್ನೂ, ಹಲವು ವರ್ಷ ಉಳಿಯುವ, ಕ್ಲೋವರ್ ಎಂಬ ದ್ವಿದಳ ಮೇವಿನ ಗಿಡ ಮತ್ತು ಚಿಕೋರಿಗಳನ್ನೂ ಬಿತ್ತುತ್ತಾರೆ. ಬೇಸಿಗೆಯ ಬೆಳೆಗಳ ಪಟ್ಟಿ ಕನ್ನಡಿಗರಿಗೆ ಅಚ್ಚರಿ ತರಬಹುದು: ದಕ್ಷಿಣದ ರಾಜ್ಯಗಳಲ್ಲಿ ಜಿಂಕೆಗಳಿಗಾಗಿ ಬಿತ್ತುವ ಮುಖ್ಯ ಬೆಳೆಗಳಲ್ಲಿ ಲ್ಯಾಬ್‌ಲ್ಯಾಬ್ ಎಂದು ಅವರು ಕರೆಯುವ ನಮ್ಮ ಅವರೆಯೂ ಅಲಸಂದೆಯೂ ಇವೆ. ಬೇಸಿಗೆಯ ಬಿಸಿಲು ತಡೆದು ಬೆಳೆಯುವ, ಎಲೆಯಲ್ಲಿ ಪ್ರೋಟೀನ್ ಹೆಚ್ಚಿರುವ, ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವ ಅವರೆಯನ್ನು ಅಲ್ಲಿ ಕಾಯಿಗಾಗಿ ಅಲ್ಲ, ಎಲೆಗಾಗಿ ಬೆಳೆಯುತ್ತಾರೆ. ಆದರೆ ಗಿಡ ಇನ್ನೂ ಎಳೆಯದಾಗಿರುವಾಗಲೇ ಜಿಂಕೆಗಳು ನುಗ್ಗಿದರೆ ಬೆಳೆ ಏಳುವುದೇ ಇಲ್ಲವಾದ್ದರಿಂದ, ಹೊಲ ಚಿಕ್ಕದಾಗಿದ್ದು ಜಿಂಕೆಗಳು ಹೆಚ್ಚಿರುವಲ್ಲಿ ಮೊದಲ ಕೆಲವು ವಾರ ವಿದ್ಯುತ್ ಬೇಲಿ ಕಟ್ಟಬೇಕಾಗುತ್ತದೆ.

ಬಿತ್ತನೆಗಿಂತ ಮೊದಲು ಮಣ್ಣು ಪರೀಕ್ಷೆ ಮಾಡಿಸುವುದನ್ನು ಬಿಟ್ಟುಬಿಡುವವರು ಬಹಳ. ಕಾಡು ಕಡಿದು ಮಾಡಿದ ಬಯಲಿನ ಮಣ್ಣು ಹೆಚ್ಚಾಗಿ ಹುಳಿಯಾಗಿರುತ್ತದೆ. ರಸಸಾರವನ್ನು (ಪಿಎಚ್) 6ರಿಂದ 7ರ ನಡುವೆ ತರಲು ಸುಣ್ಣ ಹಾಕದಿದ್ದರೆ ಎಷ್ಟು ಗೊಬ್ಬರ ಸುರಿದರೂ ಕ್ಲೋವರ್ ಅದನ್ನು ಸರಿಯಾಗಿ ಹೀರಿಕೊಳ್ಳಲಾರದು. ಬಿತ್ತಿದ ಮೇಲೆ ಹೊಲದ ನಡುವೆ ಮೂರು ನಾಲ್ಕು ಅಡಿ ಅಗಲದ ತಂತಿಜಾಲದ ಪಂಜರವೊಂದನ್ನು ಗೂಟಕ್ಕೆ ಬಿಗಿದು ನಿಲ್ಲಿಸುತ್ತಾರೆ. ಜಿಂಕೆಯ ಬಾಯಿ ತಲುಪದ ಆ ಪಂಜರದೊಳಗೆ ಕ್ಲೋವರ್ ಮೊಣಕಾಲೆತ್ತರ ಬೆಳೆದು ಹೂಬಿಟ್ಟಿರುವಾಗ ಹೊರಗೆ ಅದೇ ಬೆಳೆ ಬೆರಳುದ್ದಕ್ಕೆ ಇಳಿದಿದ್ದರೆ, ಹೊಲ ಚಿಕ್ಕದೆಂದಾಗಲಿ ಜಿಂಕೆ ಹೆಚ್ಚೆಂದಾಗಲಿ ತಿಳಿಯುತ್ತದೆ. ಪಂಜರದ ಒಳಗೂ ಹೊರಗೂ ಬೆಳೆ ಸೊರಗಿದ್ದರೆ ತಪ್ಪು ಮಣ್ಣಿನಲ್ಲಿ ಅಥವಾ ಮಳೆಯಲ್ಲಿದೆ, ಜಿಂಕೆಯಲ್ಲಲ್ಲ. ಇಷ್ಟು ಸರಳವಾದ, ಇಷ್ಟು ಪ್ರಾಮಾಣಿಕವಾದ ಸಾಕ್ಷಿ ಈ ವಿದ್ಯೆಯಲ್ಲಿ ಇನ್ನೊಂದಿಲ್ಲ ಎಂದು ನನ್ನ ಭಾವನೆ. ಹಾಗೆಂದು ಫುಡ್ ಪ್ಲಾಟೇ ಎಲ್ಲವೂ ಅಲ್ಲ. ಜಮೀನಿನ ಬಹುಭಾಗ ಕಾಡೇ ಆಗಿರುವಾಗ, ಕೆಲವೇ ಎಕರೆಯ ಬಿತ್ತನೆಗೆ ಪ್ರತಿವರ್ಷ ಹಣ ಸುರಿಯುವುದಕ್ಕಿಂತ ಕಾಡನ್ನು ತೆಳುಗೊಳಿಸಿ ಸ್ಥಳೀಯ ಸಸ್ಯಗಳನ್ನು ಎಬ್ಬಿಸುವುದು ಹೆಚ್ಚು ಬಾಳಿಕೆಯ ಕೆಲಸ. ಬಿತ್ತಿದ ಹೊಲ ಜಿಂಕೆಯನ್ನು ಕಣ್ಣಿಗೆ ಬೀಳುವ ಜಾಗಕ್ಕೆ ಎಳೆದು ತರುತ್ತದೆ. ವರ್ಷವಿಡೀ ಅದನ್ನು ಸಾಕುವುದು ಕಾಡೇ.

ಮೇವಿನಷ್ಟೇ ಮುಖ್ಯವಾದುದು ನೆಮ್ಮದಿ. ಜಮೀನಿನ ಒಂದು ಭಾಗವನ್ನು, ಸಾಮಾನ್ಯವಾಗಿ ಅತ್ಯಂತ ದಟ್ಟ ಪೊದೆಗಳಿರುವ ನಡುಭಾಗವನ್ನು, ಮನುಷ್ಯ ಪ್ರವೇಶವಿಲ್ಲದ ತಾಣವೆಂದು ಬಿಟ್ಟುಬಿಡುತ್ತಾರೆ. ಬೇಟೆಯ ಕಾಲದಲ್ಲಿ ಗಾಯಗೊಂಡ ಪ್ರಾಣಿಯನ್ನು ಹುಡುಕುವ ಸಂದರ್ಭವೊಂದನ್ನು ಬಿಟ್ಟರೆ ಅಲ್ಲಿಗೆ ಯಾರೂ ಹೋಗುವುದಿಲ್ಲ. ಹಗಲು ಮಲಗಲು ನಿರ್ಭೀತ ಜಾಗವಿಲ್ಲದ ಜಮೀನಿನಲ್ಲಿ ಎಷ್ಟೇ ಮೇವಿದ್ದರೂ ಜಿಂಕೆಗಳು ರಾತ್ರಿ ಬಂದು ಮೇದು, ಬೆಳಕು ಹರಿಯುವ ಮೊದಲೇ ಪಕ್ಕದವರ ಕಾಡು ಸೇರುತ್ತವೆ.

ಇನ್ನು ಸಂಖ್ಯೆಯ ವಿಚಾರ. ಮಿಷಿಗನ್ ವಿಶ್ವವಿದ್ಯಾಲಯದ ಜಾರ್ಜ್ ರಿಸರ್ವ್ ಎಂಬ, ಸುಮಾರು ಎರಡು ಚದರ ಮೈಲಿಯ ಬೇಲಿ ಹಾಕಿದ ಪ್ರದೇಶದಲ್ಲಿ 1928ರಲ್ಲಿ ಎರಡು ಗಂಡು, ನಾಲ್ಕು ಹೆಣ್ಣು, ಒಟ್ಟು ಆರು ಜಿಂಕೆಗಳನ್ನು ಬಿಡಲಾಯಿತು. ಐದಾರು ವರ್ಷಗಳಲ್ಲಿ ಎಣಿಕೆ ನಡೆದಾಗ ಅಲ್ಲಿ ಸುಮಾರು 160 ಜಿಂಕೆಗಳಿದ್ದವು. ಬೆಳೆದ ಹೆಣ್ಣು ಪ್ರತಿವರ್ಷ ಸಾಮಾನ್ಯವಾಗಿ ಅವಳಿ ಮರಿಗಳನ್ನು ಹಾಕುತ್ತದೆ. ಜಿಂಕೆಯನ್ನು ಬೇಟೆಯಾಡುವ ತೋಳಗಳೂ ಕೂಗರ್ ಎಂಬ ದೊಡ್ಡ ಕಾಡುಬೆಕ್ಕುಗಳೂ ಅಮೆರಿಕದ ಪೂರ್ವ ಭಾಗದ ಬಹುಪಾಲಿನಿಂದ ಮರೆಯಾಗಿ ಬಹಳ ಕಾಲವಾಯಿತು. ಹೀಗಿರುವಾಗ ಹೆಣ್ಣನ್ನು ಕೊಲ್ಲಬಾರದು, ಕೊಂಬಿನ ಗಂಡನ್ನು ಮಾತ್ರ ಹೊಡೆಯಬೇಕು ಎಂಬ ನಂಬಿಕೆ, ಜಿಂಕೆಗಳೇ ಇಲ್ಲದಿದ್ದ ಕಾಲದಲ್ಲಿ ಸರಿಯಾಗಿದ್ದರೂ, ಅವು ತುಂಬಿಕೊಂಡ ಮೇಲೆ ಕಾಡಿಗೇ ಮುಳುವಾಯಿತು. ಸಂಖ್ಯೆಯನ್ನು ಹಿಡಿತದಲ್ಲಿಡುವುದು ಗಂಡುಗಳ ಬೇಟೆಯಲ್ಲ, ಹೆಣ್ಣುಗಳ ಬೇಟೆ. ಸಂಖ್ಯೆ ಮಿತಿ ಮೀರಿದರೆ ಎಳೆಯ ಓಕ್ ಸಸಿಗಳು ತಲೆ ಎತ್ತುವುದಿಲ್ಲ, ಪೊದೆಗಳಲ್ಲಿ ಗೂಡು ಕಟ್ಟುವ ಹಕ್ಕಿಗಳು ನೆಲೆ ಕಳೆದುಕೊಳ್ಳುತ್ತವೆ, ಕೊನೆಗೆ ಜಿಂಕೆಗಳೇ ಬಡವಾಗಿ ಮರಿಗಳ ತೂಕ ಇಳಿಯುತ್ತದೆ. ಆದ್ದರಿಂದ ಹೊಣೆಯರಿತ ಜಮೀನುದಾರನಿಗೆ ಬಂದೂಕು ಕೂಡ ಮೇವು ಉಳಿಸುವ ಸಾಧನ.

ಗಂಡುಗಳ ವಿಷಯದಲ್ಲಿ ಎಲ್ಲರ ಕಣ್ಣೂ ಕೊಂಬಿನ ಮೇಲೆ. ಕೊಂಬು ಪ್ರತಿವರ್ಷ ಚಳಿಗಾಲದಲ್ಲಿ ಕಳಚಿಬಿದ್ದು ವಸಂತದಿಂದ ಹೊಸದಾಗಿ ಬೆಳೆಯುತ್ತದೆ. ಅದರ ಗಾತ್ರವನ್ನು ವಂಶ, ಆಹಾರ ಮತ್ತು ವಯಸ್ಸು ನಿರ್ಧರಿಸುತ್ತವೆ. ಬೇಲಿಯಿಲ್ಲದ ಜಮೀನಿನಲ್ಲಿ ವಂಶವನ್ನು ಬದಲಿಸುವುದು ಆಗದ ಮಾತು; ಸಾಧಾರಣ ಕೊಂಬಿನ ಗಂಡನ್ನು ತೆಗೆದು ತಳಿ ಸುಧಾರಿಸುತ್ತೇವೆ ಎನ್ನುವವರು ಶ್ರಮ ವ್ಯರ್ಥ ಮಾಡಿಕೊಳ್ಳುತ್ತಾರೆ. ವಯಸ್ಸು ಮಾತ್ರ ಬೇಟೆಗಾರನ ಕೈಯಲ್ಲೇ ಇದೆ. ಒಂದೂವರೆ ವರ್ಷದ ಗಂಡಿನ ಮೈಯೇ ಇನ್ನೂ ಬೆಳೆಯುತ್ತಿರುವುದರಿಂದ ಕೊಂಬು ಚಿಕ್ಕದು. ಪೂರ್ಣ ಗಾತ್ರ ಬರುವುದು ಐದು ವರ್ಷ ದಾಟಿದ ಮೇಲೆ. ಎಳೆಯ ಗಂಡುಗಳನ್ನು ಬಿಟ್ಟುಬಿಡುವುದು, ಹೆಣ್ಣುಗಳನ್ನು ಸಾಕಷ್ಟು ತೆಗೆಯುವುದು ಎಂಬ ಈ ಚಿಂತನೆ ಟೆಕ್ಸಸ್‌ನಲ್ಲಿ 1970ರ ದಶಕದಲ್ಲಿ ರೂಪುಗೊಂಡು ದೇಶವೆಲ್ಲ ಹರಡಿತು. ಪೆನ್ಸಿಲ್ವೇನಿಯಾ 2002ರಲ್ಲಿ, ಕೊಂಬಿನ ಒಂದು ಬದಿಯಲ್ಲಿ ಕನಿಷ್ಠ ಇಷ್ಟು ಕವಲುಗಳಿದ್ದರೆ ಮಾತ್ರ ಹೊಡೆಯಬಹುದೆಂಬ ನಿಯಮವನ್ನು ಇಡೀ ರಾಜ್ಯಕ್ಕೆ ತಂದು ಎಳೆಯ ಗಂಡುಗಳನ್ನು ಉಳಿಸಲು ಹೊರಟಿತು.

ಆದರೆ ಒಬ್ಬ ಜಮೀನುದಾರ ಎಷ್ಟು ಸಂಯಮ ತೋರಿದರೂ ಅವನ ಬೇಲಿಯೊಳಗೆ ಜಿಂಕೆಯ ಬದುಕು ಮುಗಿಯುವುದಿಲ್ಲ. ಬೆಳೆದ ಗಂಡೊಂದರ ಸಂಚಾರದ ವ್ಯಾಪ್ತಿ ಎಷ್ಟೋ ಕಡೆ ಒಂದು ಚದರ ಮೈಲಿ, ಅಂದರೆ 640 ಎಕರೆಯ ಆಸುಪಾಸಿನಲ್ಲಿರುತ್ತದೆ. ಎಳೆಯ ಗಂಡುಗಳಲ್ಲಿ ಅನೇಕವು ತಾಯಿಯ ನೆಲೆ ಬಿಟ್ಟು ಮೈಲಿಗಟ್ಟಲೆ ದೂರ ಹೋಗಿ ನೆಲೆಸುತ್ತವೆ. ಐವತ್ತು ಎಕರೆಯವನು ಉಳಿಸಿದ ಗಂಡನ್ನು ಪಕ್ಕದವನು ಮರುದಿನವೇ ಹೊಡೆಯಬಹುದು. ಇದಕ್ಕಾಗಿ ಅಕ್ಕಪಕ್ಕದ ಜಮೀನುದಾರರು ಒಟ್ಟುಗೂಡಿ, ಎಷ್ಟು ಹೆಣ್ಣು ತೆಗೆಯಬೇಕು, ಯಾವ ವಯಸ್ಸಿನ ಗಂಡನ್ನು ಬಿಡಬೇಕು ಎಂದು ಮಾತಾಡಿಕೊಂಡು ನಡೆಯುವ ಒಕ್ಕೂಟಗಳನ್ನು ಕಟ್ಟಿಕೊಂಡಿದ್ದಾರೆ. ಬೀಜ ಮಾರುವ ಅಂಗಡಿಯಲ್ಲಿ ಸಿಗುವ ಯಾವ ವಸ್ತುವೂ ಒಳ್ಳೆಯ ನೆರೆಯವನಿಗೆ ಸಮನಲ್ಲ.

ಇಷ್ಟೆಲ್ಲ ಆದ ಮೇಲೆ ಬೇಟೆ. ಬಿಳಿಬಾಲದ ಜಿಂಕೆ ಕಣ್ಣಿಗಿಂತ ಮೂಗನ್ನು ನಂಬುವ ಪ್ರಾಣಿ, ಹಾಗಾಗಿ ಬೇಟೆಗಾರ ಮರದ ಮೇಲೆ ಕೂರುವ ಅಟ್ಟಣೆಯನ್ನು ಎಲ್ಲಿ ಕಟ್ಟಬೇಕೆಂಬುದನ್ನು ಗಾಳಿ ತೀರ್ಮಾನಿಸುತ್ತದೆ. ಜಿಂಕೆ ಬರುವ ದಿಕ್ಕಿನಿಂದ ತನ್ನತ್ತ ಗಾಳಿ ಬೀಸುವ ಜಾಗದಲ್ಲಿ ಬೇಟೆಗಾರ ಕೂರಬೇಕು. ಗಾಳಿ ತಿರುಗಿದ ದಿನ ಆ ಅಟ್ಟಣೆಯನ್ನು ಹತ್ತಲೇಬಾರದು. ಗುಡ್ಡಗಾಡಿನಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಬಿಸಿಲೇರಿದಂತೆ ಕಾದ ಗಾಳಿ ಇಳಿಜಾರಿನ ಮೇಲಕ್ಕೆ ಹರಿಯುತ್ತದೆ, ಸಂಜೆ ತಣಿದ ಗಾಳಿ ಕಣಿವೆಗೆ ಇಳಿಯುತ್ತದೆ; ಆದ್ದರಿಂದ ಬೆಳಗ್ಗೆ ಜಾಡಿನ ಮೇಲ್ಭಾಗದಲ್ಲೂ ಸಂಜೆ ಕೆಳಭಾಗದಲ್ಲೂ ಕೂರುವುದು ಲೇಸು. ಅನುಭವಿಗಳು ಜೇಬಿನಲ್ಲಿ ನಮ್ಮ ಎಕ್ಕದ ಗಿಡದ ಸಂಬಂಧಿಯಾದ ಮಿಲ್ಕ್‌ವೀಡ್‌ನ ಬೀಜದ ಅರಳೆಯನ್ನು ಇಟ್ಟುಕೊಂಡು ಒಂದೊಂದೇ ಎಳೆಯನ್ನು ಹಾರಬಿಡುತ್ತಾರೆ. ಅದು ಇಪ್ಪತ್ತು ಗಜ ನೇರ ಸಾಗಿ, ಹಳ್ಳದ ಮೇಲೆ ಬಂದೊಡನೆ ಕೆಳಕ್ಕೆ ಜಾರಿ, ತಿರುಗಿ ಬೇರೆಡೆ ಹೋಗುವುದನ್ನು ನೋಡಿದಾಗ ತಮ್ಮ ವಾಸನೆ ಯಾವ ದಾರಿ ಹಿಡಿಯುತ್ತಿದೆ ಎಂಬುದು ಅವರಿಗೆ ಕಣ್ಣಾರೆ ಕಾಣುತ್ತದೆ. ಅಟ್ಟಣೆಗೆ ಹೋಗುವ, ಮರಳುವ ದಾರಿಯೂ ಇಷ್ಟೇ ಮುಖ್ಯ. ಮೇಯುತ್ತಿರುವ ಜಿಂಕೆಗಳ ನಡುವೆಯೇ ಇಳಿದು ಹೋದರೆ ಆ ಜಾಗ ಬೇಗ ಕೆಡುತ್ತದೆ. ಮರದಿಂದ ಬಿದ್ದು ಗಾಯಗೊಳ್ಳುವುದು ಈ ಬೇಟೆಯಲ್ಲಿ ಸಾಮಾನ್ಯವಾದ ಅಪಘಾತವಾದ್ದರಿಂದ ನೆಲ ಬಿಟ್ಟ ಕ್ಷಣದಿಂದ ಸುರಕ್ಷಾ ಪಟ್ಟಿ ಕಟ್ಟಿರಬೇಕು. ಗುಂಡಾಗಲಿ ಬಾಣವಾಗಲಿ ಹೃದಯ ಮತ್ತು ಶ್ವಾಸಕೋಶಗಳಿರುವ ಭಾಗಕ್ಕೆ ತಾಗುವ ಖಚಿತತೆ ಇಲ್ಲದಿದ್ದರೆ ಹೊಡೆಯದೆ ಬಿಡುವುದು ಬೇಟೆಗಾರನ ಮೊದಲ ಧರ್ಮ.

ಜಮೀನುದಾರರು ಇಷ್ಟು ಕಷ್ಟಪಡುವುದಕ್ಕೆ ಆರ್ಥಿಕ ಕಾರಣಗಳೂ ಇವೆ. ಬೇಟೆಯ ಹಕ್ಕನ್ನು ಎಕರೆಗೆ ಇಷ್ಟೆಂದು ಗುತ್ತಿಗೆ ಕೊಡುವುದು ಟೆಕ್ಸಸ್‌ನಲ್ಲಿ ದನ ಸಾಕಣೆಯ ಜೊತೆಗಿನ ದೊಡ್ಡ ಆದಾಯ. 1995ರಲ್ಲಿ ಅಲ್ಲಿನ ಮತದಾರರು ಒಪ್ಪಿದ ತಿದ್ದುಪಡಿಯಿಂದಾಗಿ, ಕೃಷಿಭೂಮಿಯೆಂದು ಈಗಾಗಲೇ ಕಡಿಮೆ ತೆರಿಗೆ ಕಟ್ಟುತ್ತಿದ್ದ ಜಮೀನನ್ನು ವನ್ಯಜೀವಿ ನಿರ್ವಹಣೆಗೆ ತಿರುಗಿಸಿದರೂ ಆ ರಿಯಾಯಿತಿ ಉಳಿಯುತ್ತದೆ. ಆವಾಸ ಸುಧಾರಣೆ, ಮಣ್ಣಿನ ಸವಕಳಿ ತಡೆ, ಹಿಂಸ್ರಪ್ರಾಣಿ ನಿಯಂತ್ರಣ, ನೀರು, ಆಹಾರ, ಆಸರೆ, ಗಣತಿ ಎಂಬ ಏಳು ಕೆಲಸಗಳಲ್ಲಿ ಕನಿಷ್ಠ ಮೂರನ್ನು ಜಮೀನುದಾರ ಮಾಡಿ ತೋರಿಸಬೇಕು. ರಾಜ್ಯದ ಉದ್ಯಾನ ಮತ್ತು ವನ್ಯಜೀವಿ ಇಲಾಖೆಯ ಯೋಜನೆಗೆ ಸೇರಿದ ಜಮೀನುಗಳಿಗೆ ಅಲ್ಲಿನ ಪರಿಸ್ಥಿತಿ ನೋಡಿ ಬೇಟೆಯ ಟ್ಯಾಗ್‌ಗಳನ್ನೂ (ಒಂದು ಜಿಂಕೆಗೆ ಒಂದರಂತೆ ಕೊಡುವ ಅನುಮತಿ ಚೀಟಿ) ದೀರ್ಘ ಅವಧಿಯನ್ನೂ ಕೊಡಲಾಗುತ್ತದೆ.

ನಮ್ಮ ಬಂಡೀಪುರ, ನಾಗರಹೊಳೆಗಳ ಚುಕ್ಕೆ ಜಿಂಕೆಯೂ ಈ ಕಥೆಯಲ್ಲಿದೆ. 1932ರಲ್ಲಿ ಟೆಕ್ಸಸ್‌ಗೆ ತಂದ ಈ ಜಾತಿ ಅಲ್ಲಿ ಕಾಡುಪಾಲಾಗಿ ಸಾವಿರಗಟ್ಟಲೆ ಬೆಳೆದಿದೆ. ಹೊರಗಿನಿಂದ ಬಂದ ಪ್ರಾಣಿಯಾದ್ದರಿಂದ ಅದಕ್ಕೆ ಬೇಟೆಯ ಕಾಲದ ಕಟ್ಟಿಲ್ಲ, ವರ್ಷವಿಡೀ ಹೊಡೆಯಬಹುದು. ಬಿಳಿಬಾಲದ ಜಿಂಕೆ ತಿನ್ನುವ ಚಿಗುರನ್ನೂ ತಿಂದು, ಅದು ಮುಗಿದ ಮೇಲೆ ಹುಲ್ಲಿನ ಮೇಲೂ ಬದುಕಬಲ್ಲ ಚುಕ್ಕೆ ಜಿಂಕೆ ಅಲ್ಲಿನ ಮೂಲನಿವಾಸಿಗೆ ಕಠಿಣ ಎದುರಾಳಿ. ಆವಾಸವನ್ನು ಕಾಯಬಯಸುವವನು ಅದರ ಸಂಖ್ಯೆಯನ್ನು ಇಳಿಸಲೇಬೇಕಾಗುತ್ತದೆ. ಅದೇ ಪ್ರಾಣಿಯನ್ನು ಕರ್ನಾಟಕದಲ್ಲಿ ಸ್ವಂತ ಹೊಲದಲ್ಲಿ ಕೊಂದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇಲ್ಲಿ ಹುಲಿ, ಚಿರತೆ, ಸೀಳುನಾಯಿಗಳು ಇನ್ನೂ ಇವೆ. ಅಲ್ಲಿನ ಪದ್ಧತಿಯನ್ನು ಇಲ್ಲಿಗೆ ಹೊಂದಿಸಲು ಹೊರಡುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಈಗ ಈ ಇಡೀ ವ್ಯವಸ್ಥೆಯ ಮೇಲೆ ಕವಿದಿರುವ ದೊಡ್ಡ ಆತಂಕವೆಂದರೆ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಮಿದುಳಿನ ರೋಗ. 1967ರಲ್ಲಿ ಕೊಲರಾಡೊದ ಸಂಶೋಧನಾ ಕೇಂದ್ರವೊಂದರ ಜಿಂಕೆಗಳಲ್ಲಿ ಮೊದಲು ಗುರುತಿಸಲಾದ ಇದು 2002ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಕಾಣಿಸಿಕೊಂಡಿತು, ಈಗ ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ಪ್ರಿಯಾನ್ ಎಂಬ ವಿಕೃತ ಪ್ರೋಟೀನ್‌ನಿಂದ ಬರುವ ಈ ರೋಗಕ್ಕೆ ಔಷಧವೂ ಇಲ್ಲ, ಲಸಿಕೆಯೂ ಇಲ್ಲ, ತಗುಲಿದ ಜಿಂಕೆ ಬದುಕುವುದೂ ಇಲ್ಲ. ಜೊಲ್ಲು, ಮೂತ್ರ, ಸಗಣಿಗಳ ಮೂಲಕ ಹೊರಬಿದ್ದ ಪ್ರಿಯಾನ್ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮೆಕ್ಕೆಜೋಳದ ರಾಶಿ ಸುರಿದು ಹತ್ತಾರು ಜಿಂಕೆಗಳು ಒಂದೇ ಕಡೆ ಬಾಯಿ ಹಾಕುವಂತೆ ಮಾಡುವುದು ರೋಗಕ್ಕೆ ದಾರಿ ಮಾಡಿಕೊಟ್ಟಂತೆ. ಅದಕ್ಕೇ ಹಲವು ರಾಜ್ಯಗಳು ರೋಗ ಕಂಡ ಪ್ರದೇಶಗಳಲ್ಲಿ ಹೀಗೆ ಆಹಾರ ಸುರಿಯುವುದನ್ನು ನಿಷೇಧಿಸಿವೆ, ಬೆಳೆ ಬಿತ್ತುವುದನ್ನು ಸಾಮಾನ್ಯವಾಗಿ ನಿಷೇಧಿಸಿಲ್ಲ. ಚಳಿಗಾಲದಲ್ಲಿ ರೆಂಬೆ ತಿಂದು ಹೊಂದಿಕೊಂಡ ಹೊಟ್ಟೆಗೆ ಒಮ್ಮೆಗೇ ಮೆಕ್ಕೆಜೋಳ ಬಿದ್ದರೆ ಆಮ್ಲ ಹೆಚ್ಚಿ ಜಿಂಕೆ ಸಾಯುವುದೂ ಉಂಟು; ಕನಿಕರದಿಂದ ಸುರಿದ ಮೆಕ್ಕೆಜೋಳವೇ ಹೀಗೆ ಅದರ ಜೀವ ತೆಗೆಯುತ್ತದೆ. ಈ ರೋಗ ಮನುಷ್ಯರಿಗೆ ತಗುಲಿದ್ದಕ್ಕೆ ಇದುವರೆಗೆ ಖಚಿತ ಪುರಾವೆಯಿಲ್ಲ. ಆದರೂ ರೋಗವಿರುವ ಪ್ರದೇಶದಲ್ಲಿ ಬೇಟೆಯಾದ ಜಿಂಕೆಯನ್ನು ಪರೀಕ್ಷಿಸುವಂತೆಯೂ, ರೋಗ ಪತ್ತೆಯಾದರೆ ಆ ಮಾಂಸ ತಿನ್ನದಿರುವಂತೆಯೂ ಅಮೆರಿಕದ ಆರೋಗ್ಯ ಇಲಾಖೆ ಸಲಹೆ ನೀಡುತ್ತದೆ. ಪರೀಕ್ಷೆಗಾಗಿ ಗಂಟಲ ಹಿಂದಿನ ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದುಕೊಳ್ಳುತ್ತಾರೆ. ಮಿದುಳು ಮತ್ತು ಬೆನ್ನುಹುರಿಯನ್ನು ಕತ್ತರಿಸದೆ ಮಾಂಸವನ್ನು ಮೂಳೆಯಿಂದ ಬಿಡಿಸಿಕೊಳ್ಳಬೇಕು, ಉಳಿದ ಕಳೇಬರವನ್ನು ಬೇರೆ ಊರಿನ ಕಾಡಿಗೆ ಒಯ್ದು ಎಸೆಯದೆ ಆ ಪ್ರದೇಶಕ್ಕೆ ರಾಜ್ಯ ವಿಧಿಸಿದ ನಿಯಮದಂತೆ ವಿಲೇವಾರಿ ಮಾಡಬೇಕು.